ಬೀರಮಾವನ ಇಂಜಿನ್ನು

ನಮ್ಮ ಮನೆಗೆ ಎರಡು ಅಂಗಳ. ಹಿಂದಿನದು ಕುರಿಗಳದು, ಮುಂದಿನದು ಪಿಕಪ್ಪಿನದು. ಹೊಳಲ್ಕೆರೆಯಿಂದ ರಾಮಗಿರಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನ ಕೊನೆಯ ಮನೆ ನಮ್ಮದು. ಬೇರೆಯವರ ಅಂಗಳದಲ್ಲಿ ಎತ್ತಿನ ಗಾಡಿ ಇರುವ ಜಾಗದಲ್ಲಿ, ಹೊಂಗೆ ಮರದ ಕೆಳಗೆ, ನಮ್ಮ ಪಿಕಪ್ಪು ನಿಂತಿರುತ್ತಿತ್ತು. ಬ್ರಿಟಿಷರ ಕಾಲದ್ದು. ದುಂಡು ಮೂತಿ, ಉಬ್ಬಿದ ಎರಡು ದೀಪ, ಹಿಂದೆ ಹಲಗೆ ಹೊಡೆದ ತೊಟ್ಟಿ. ದುರ್ಗದ ಕಡೆಯ ಗಣಿಯೊಂದರಲ್ಲಿ ಯಾರೋ ದೊರೆಯ ಸವಾರಿಗಿದ್ದದ್ದು, ಕೈಯಿಂದ ಕೈಗೆ ದಾಟಿ ಅಪ್ಪನ ಹತ್ತಿರ ಬಂದಿತ್ತು. ನಮ್ಮವೂ ಊರವರವೂ ಕುರಿಗಳನ್ನು ಅದರಲ್ಲಿ ಹೇರಿಕೊಂಡು ಅಪ್ಪ ಹಿರಿಯೂರು, ಹೊಸದುರ್ಗ, ಚಿತ್ರದುರ್ಗದ ಸಂತೆಗಳಿಗೆ ಹೋಗುತ್ತಿದ್ದ. ಅದು ಹೊರಡುವ ಹೊತ್ತಿಗೆ ನಮಗೆ ರೊಟ್ಟಿ, ಅದು ಬರುವ ಹೊತ್ತಿಗೆ ಮುದ್ದೆ. ಅದು ಬಾರದ ದಿನ ಅವ್ವ ಒಲೆಯ ಮುಂದೆ ಕೋಲು ಹಿಡಿದು ಸುಮ್ಮನೆ ಕುಳಿತಿರುತ್ತಿದ್ದಳು, ಎಸರು ಕುದಿದು ಕುದಿದು ಅರ್ಧಕ್ಕಿಳಿಯುತ್ತಿತ್ತು.

ಜಗಲಿಯ ಬಲಬದಿ ಅಜ್ಜಿಯದು. ಅಜ್ಜಿ ಎಂದರೆ ಅವ್ವನ ತಾಯಿ, ಕೆಂಚಮ್ಮ. ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಮಗನ ಜೊತೆ ಇದ್ದವಳು, ಮಗ ಹೋದ ಮೇಲೆ ನಮ್ಮ ಮನೆಗೆ ಬಂದಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಕದಿರು ತಿರುಗಿಸಿ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಬಾಗಿಲಲ್ಲಿ ಯಾರು ಬಂದರು, ಯಾವ ಕುರಿ ಕುಂಟುತ್ತಿದೆ, ಅವ್ವ ಯಾವ ತಟ್ಟೆ ಎತ್ತಿಕೊಂಡಳು, ಎಲ್ಲವನ್ನೂ ಕಿವಿಯಿಂದಲೇ ನೋಡುತ್ತಿದ್ದಳು.

ಆ ಮಗ ನನ್ನ ಸೋದರಮಾವ, ಬೀರಮಾವ. ಹಿರಿಯೂರಿನ ಸಾಹುಕಾರರೊಬ್ಬರ ವ್ಯಾನು ಓಡಿಸುತ್ತಿದ್ದ. ಹೊಳಲ್ಕೆರೆ ಕಡೆ ಬಾಡಿಗೆ ಸಿಕ್ಕಿದಾಗಲೆಲ್ಲ ನಮ್ಮ ಮನೆಗೆ ತಿರುಗಿಸುತ್ತಿದ್ದ. ಇಂಜಿನ್ನು ಆರಿಸದೆಯೇ ಅಂಗಳದಲ್ಲಿ ಬಿಟ್ಟು, ನಿಂತಲ್ಲೇ ಅರ್ಧ ಮುದ್ದೆ ನುಂಗಿ, ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿ ಕೆರೆ ಏರಿಯವರೆಗೆ ಒಂದು ಸುತ್ತು ಹೊಡೆಸುತ್ತಿದ್ದ. ಆ ವ್ಯಾನು ಮಾರಿಕಣಿವೆಯ ದಾರಿಯ ಇಳಿಜಾರಿನಲ್ಲಿ ಉರುಳಿ ಅವನು ಸತ್ತ. ಹೆಣ ಬರುವ ಮೊದಲೇ ಮಾತು ಬಂತು: ಕುಡಿದಿದ್ದನಂತೆ. ಸಾಹುಕಾರರೇ ಹೇಳಿದರಂತೆ. ಹೆಣವನ್ನು ಅಜ್ಜಿಯ ಮನೆಯ ಅಂಗಳದಲ್ಲಿ ಇಳಿಸಿದಾಗ ಅವ್ವ ಅಳಲಿಲ್ಲ. ಬಗ್ಗಿ, ಅವನ ಮುಖದ ಹತ್ತಿರ ಮುಖ ತಂದು ಅಂದಳು:

"ಕುಡ್ದು ಸಾಯಾಕೆ ನಿಂಗೆ ಬ್ಯಾರೆ ದಿನ ಸಿಗ್ಲಿಲ್ಲೇನೋ? ಕಣ್ಣಿಲ್ಲದ ಮುದುಕೀನ ನನ್ನ ಕೊರಳಿಗೆ ಹಾಕಿ ಹೋದೆಯಲ್ಲೋ ಹಾಳಾದೋನೆ!"

ಆಮೇಲೆ ನಮ್ಮ ಮನೆಯಲ್ಲಿ ಅವನ ಹೆಸರು ಯಾರೂ ಎತ್ತಲಿಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆಲ್ಲ ನಡುಮನೆಯಲ್ಲಿ ಎಡೆ ಇಡುತ್ತಿದ್ದರು. ಅವ್ವ ಅವನಿಗೆ ಇಡಲಿಲ್ಲ. ಅಜ್ಜಿ ತನ್ನ ತಟ್ಟೆಯಿಂದ ಒಂದು ಹೋಳಿಗೆ ತೆಗೆದು, ಗೋಡೆ ತಡವಿಕೊಂಡು ಹೊರಗೆ ಹೋಗಿ, ಅಂಗಳದ ಕಲ್ಲಿನ ಮೇಲಿಟ್ಟು ಬಂದಳು.

ಪೆಟ್ರೋಲಿನ ದರ ಒಮ್ಮೆಲೇ ಏರಿದ ವರ್ಷ. ಬೇಸಿಗೆಯಲ್ಲಿ ರಾಮಗಿರಿಯ ಏರಿನಲ್ಲಿ ನಮ್ಮ ಪಿಕಪ್ಪಿನ ನೀರು ಬತ್ತಿ, ಇಂಜಿನ್ನು ಕಾದು ಬಿರುಕು ಬಿಟ್ಟಿತು. ಜೋಡೆತ್ತು ಕಟ್ಟಿ ಮನೆಗೆ ಎಳೆತಂದರು. ದುರ್ಗದಿಂದ ಮೇಸ್ತ್ರಿ ಇಮಾಮ್ ಸಾಬರು ಬಂದು ಬಾನೆಟ್ಟು ಎತ್ತಿ ನೋಡಿ, ಬಿರುಕಿನ ಮೇಲೆ ಬೆರಳಾಡಿಸಿದರು.

"ಇದು ಸತ್ತೋಯ್ತು ಕರಿಯಪ್ಪಾರೇ. ಇದರ ಜಾತೀದು ಇಂಜಿನ್ನು ಈ ಸೀಮೆಯಾಗೆ ಇಲ್ಲ. ಯಾವ್ದಾರಾ ಡೀಸೆಲ್ದು ಸಿಕ್ರೆ ನೋಡ್ರಿ. ಕೂರ್ಸೋದು ನನ್ನ ಜವಾಬ್ದಾರಿ. ಡೀಸೆಲ್ಲು ಅಗ್ಗಾನೂ ಆಯ್ತದೆ."

ಆ ದಿನಗಳಲ್ಲಿ ನನಗೆ ಕಿವಿ ಸೋರುತ್ತಿತ್ತು. ಅಪ್ಪ ನನ್ನನ್ನು ದುರ್ಗದ ಆಸ್ಪತ್ರೆಗೆ ತೋರಿಸಿ, ಹಾಗೆಯೇ ಊರ ಹೊರಗಿನ ಗುಜರಿಗೆ ಕರೆದುಕೊಂಡು ಹೋದ. ಬಿಸಿಲಿಗೆ ಕಾದ ಕಬ್ಬಿಣದ ವಾಸನೆ. ಬಸ್ಸಿನ ಅಸ್ಥಿಪಂಜರಗಳ ನಡುವೆ ಗುಜರಿಯವನು ಒಂದು ಇಂಜಿನ್ನಿನ ಮುಂದೆ ನಿಂತು, ಹಿರಿಯೂರಿನ ಗಾಡಿಯದು, ಬಾಡಿ ಜಜ್ಜಿಹೋಗಿದೆ, ಇಂಜಿನ್ನಿಗೆ ಏನೂ ಆಗಿಲ್ಲ, ನಾಳಿದ್ದು ಒಡೆದು ತೂಕಕ್ಕೆ ಹಾಕುತ್ತೇವೆ ಎಂದ. ಪಕ್ಕದಲ್ಲಿ ಒಂದು ನೀಲಿ ಬಾಗಿಲು ಒರಗಿಸಿತ್ತು. ನಾನು ಅದರ ಹತ್ತಿರ ಹೋದೆ. ಹಿಡಿಯ ಕೆಳಗೆ, ಮಕ್ಕಳ ಕೈ ಎಟುಕುವ ಎತ್ತರದಲ್ಲಿ, ಸೂಜಿಯಿಂದ ಕೊರೆದ ಅಕ್ಷರಗಳಿದ್ದವು. ಹಾಲಮ್ಮ. ನನ್ನ ಹೆಸರು. ನಾನೇ ಕೊರೆದದ್ದು, ಅದಕ್ಕೆ ಬೀರಮಾವ ನನ್ನ ಕಿವಿ ಹಿಂಡಿದ್ದ. ತಿರುಗಿ ನೋಡಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನಿಗೆ ಆಗಲೇ ಗೊತ್ತಾಗಿತ್ತು.

ಬಸ್ ನಿಲ್ದಾಣದಲ್ಲಿ ನನಗೆ ಖಾರಮಂಡಕ್ಕಿ ಕೊಡಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ನಿಮ್ಮವ್ವಂಗೆ ಹೇಳ್ಬ್ಯಾಡ ಮಗಾ. ದಾವಣಗೆರೆ ಲಾರೀದು ಅಂತೀನಿ ನಾನು. ಕಬ್ಬಿಣಕ್ಕೇನು ಗೊತ್ತಾಗ್ತತೆ, ಯಾರು ಸತ್ರು ಯಾರು ಬದುಕಿದ್ರು ಅಂತ?"

ನಾನು ಬಾಯಿತುಂಬ ಮಂಡಕ್ಕಿ ಇಟ್ಟುಕೊಂಡು ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ಆಮೇಲೆ ಎಷ್ಟೋ ಗುಟ್ಟುಗಳನ್ನು ಕಾಯ್ದಿದ್ದೇನೆ. ಅಪ್ಪನ ಮುಖ ಅಷ್ಟು ಹತ್ತಿರ ಇದ್ದದ್ದು, ಅಷ್ಟು ಸಣ್ಣದಾಗಿ ಕಂಡದ್ದು ಅವತ್ತೊಂದೇ ದಿನ.

ಒಂದು ತಿಂಗಳು ನಮ್ಮ ಮುಂದಿನ ಅಂಗಳವೇ ಕಾರ್ಖಾನೆಯಾಯಿತು. ಇಮಾಮ್ ಸಾಬರು ಮೂರು ತೊಲೆಗಳನ್ನು ಮುಕ್ಕಾಲಿಯಂತೆ ನಿಲ್ಲಿಸಿ, ನಡುವೆ ಸರಪಳಿ ಕಟ್ಟಿ, ಹಳೆಯ ಇಂಜಿನ್ನನ್ನು ಎತ್ತಿ ಪಕ್ಕಕ್ಕಿಟ್ಟರು. ಹೊಸದು ಅದರ ಜಾಗಕ್ಕೆ ಯಾವ ರೀತಿಯಲ್ಲೂ ಒಪ್ಪಲಿಲ್ಲ. ಗೇರುಪೆಟ್ಟಿಗೆಯ ಬಾಯಿಯೇ ಬೇರೆ, ಇದರ ಬಾಯಿಯೇ ಬೇರೆ. ಎರಡರ ನಡುವೆ ಕೂರಿಸಲು ಬೆರಳು ದಪ್ಪದ ಕಬ್ಬಿಣದ ತಟ್ಟೆಯೊಂದನ್ನು ಊರಿನ ಕಮ್ಮಾರನಿಂದ ಮಾಡಿಸಿ, ತೂತು ಕೊರೆದು, ಇಟ್ಟು, ತೆಗೆದು, ಮತ್ತೆ ಕೊರೆದರು. ಕೂರಿಸಿದ ಮೇಲೆ ಬಾನೆಟ್ಟು ಮುಚ್ಚಲಿಲ್ಲ. ಅದರಲ್ಲೊಂದು ಕಿಟಕಿ ಕತ್ತರಿಸಬೇಕಾಯಿತು. ಡೀಸೆಲ್ ಇಂಜಿನ್ನಿನ ಭಾರಕ್ಕೆ ಪಿಕಪ್ಪಿನ ಮೂತಿ ಬಗ್ಗಿತು. ಭಾರ ತಡೆಯಲು ಮುಂದಿನ ಸ್ಪ್ರಿಂಗುಪಟ್ಟಾಗಳಿಗೆ ಇನ್ನೊಂದು ಪಟ್ಟಿ ಸೇರಿಸಿದರು. ಒಂದು ಭಾಗಕ್ಕೆ ಮಾತ್ರ ಇಮಾಮ್ ಸಾಬರು ಕೈ ಹಾಕಲಿಲ್ಲ. ಇಂಜಿನ್ನಿನ ಪಕ್ಕೆಗೆ ಅಂಟಿಕೊಂಡಿದ್ದ ಡೀಸೆಲ್ ಪಂಪು. "ಅದು ಗಡಿಯಾರ ಇದ್ದಂಗೆ. ಓಡ್ತಾ ಇರೋ ಗಡಿಯಾರ ಬಿಚ್ಚಬಾರ್ದು" ಅಂದರು. ಮಧ್ಯಾಹ್ನ ಅವರು ಜಗಲಿಯ ಎಡಬದಿಯಲ್ಲಿ ಕುಳಿತು ಉಣ್ಣುವಾಗ ಬಲಬದಿಯಿಂದ ಅಜ್ಜಿ ಕೇಳುತ್ತಿದ್ದಳು.

"ಎಲ್ಲೀದಪ್ಪಾ ಈ ಇಂಜಿನ್ನು?"

"ದಾವಣಗೆರೇದಂತೆ ಕಣಮ್ಮ" ಎನ್ನುತ್ತಿದ್ದರು ಸಾಬರು. ಅವರಿಗೂ ಅಪ್ಪ ಅಷ್ಟೇ ಹೇಳಿದ್ದ.

ಚಾಲೂ ಮಾಡಿದ ದಿನ ಮಧ್ಯಾಹ್ನ ಅರ್ಧ ಊರು ಅಂಗಳದಲ್ಲಿತ್ತು. ಹತ್ತು ಜನ ತಳ್ಳಿದರು. ಇಂಜಿನ್ನು ಎರಡು ಸಲ ಕೆಮ್ಮಿತು, ಕರಿಹೊಗೆ ಬಿಟ್ಟಿತು, ಹಿಡಿದುಕೊಂಡಿತು. ಎಲ್ಲರೂ ಕೂಗಿದರು. ಅಪ್ಪ ಅದನ್ನು ಮರದ ಕೆಳಗೆ ತಂದು ನಿಲ್ಲಿಸಿ ಪೆಡಲಿನಿಂದ ಕಾಲು ತೆಗೆದಾಗ ಅದರ ನಿಜವಾದ ದನಿ ಹೊರಟಿತು. ಒಂದೇ ಸಮನೆ ಗುಡುಗುಡು ಎನ್ನುವುದರ ಬದಲು ಅದು ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೇನು ನಿಂತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಮಲಗಿದ ಮನುಷ್ಯನ ಉಸಿರಿನ ಹಾಗೆ. ನಮ್ಮ ಅಂಗಳ ಆ ಸದ್ದನ್ನು ಮೊದಲೂ ಕೇಳಿತ್ತು.

ಜಗಲಿಯಲ್ಲಿ ಅಜ್ಜಿಯ ಕದಿರು ನಿಂತಿತು. ಅವಳು ಎದ್ದು, ಕಂಬ ಹಿಡಿದು, ಅಂಗಳಕ್ಕಿಳಿದಳು.

"ಬೀರ ಬಂದ" ಅಂದಳು. ಆಮೇಲೆ ಒಳಗೆ ತಿರುಗಿ, ಗಟ್ಟಿಯಾಗಿ, "ರಂಗೀ, ಬೀರ ಬಂದ ನೋಡೇ. ತಟ್ಟೆ ಹಾಕು."

ಅವ್ವ ಮುದ್ದೆ ಕಟ್ಟುತ್ತಿದ್ದ ಹಸಿಗೈಯಲ್ಲೇ ಹೊರಗೆ ಬಂದಳು. ತಾಯಿಯನ್ನು ಗದರಬೇಕೆಂದು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು. ಅವಳಿಗೂ ಕೇಳಿಸುತ್ತಿತ್ತು. ಬಾನೆಟ್ಟನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಇದೇನು ಹಿಂಗೆ ಸದ್ದು ಮಾಡ್ತತೆ?"

"ಡೀಸೆಲ್ ಇಂಜಿನ್ನೆಲ್ಲ ಹಿಂಗೇ ಕಣೇ" ಎಂದು ಅಪ್ಪ ಆರಿಸಿಬಿಟ್ಟ.

ಅವತ್ತಿನಿಂದ ಅಜ್ಜಿ ಬೇರೆಯವಳಾದಳು. ಅವಳಿಗೆ ಬುದ್ಧಿ ಕೆಟ್ಟಿದೆ ಎಂದು ಊರು ಅಂದಿತು, ಕೆಟ್ಟಿರಲಿಲ್ಲ. ನನ್ನ ಹತ್ತಿರ ಒಮ್ಮೆ ಹೇಳಿದಳು, "ಅವ್ನು ಸತ್ತಾನೆ ಅಂತ ನಂಗೊತ್ತಿಲ್ಲೇನೇ? ಈ ಕೈಲೇ ಮುಖ ತೊಳ್ದೀನಿ. ಆದ್ರೂ ಬಾಗ್ಲಿಗೆ ಬಂದಾಗ ಬರ್ಬ್ಯಾಡ ಅನ್ನಕ್ಕಾಗ್ತತಾ?" ಸಂಜೆ ಪಿಕಪ್ಪು ಬಂದು ನಿಂತರೆ ತಡವಿಕೊಂಡು ಹೋಗಿ, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅದು ತಣ್ಣಗಾಗುವವರೆಗೆ ನಿಂತಿರುತ್ತಿದ್ದಳು. ಅಪ್ಪ ಬಂದ ಕೂಡಲೇ ಇಂಜಿನ್ನು ಆರಿಸತೊಡಗಿದ. ಅಜ್ಜಿ "ಒಂದೀಟು ಬಿಡಪ್ಪಾ ಅಳಿಯಾ, ಉಸ್ರಾಡ್ಲಿ" ಎಂದು ಬೇಡಿಕೊಳ್ಳುತ್ತಿದ್ದಳು. ಅಪ್ಪ ಮತ್ತೆ ಚಾಲೂ ಮಾಡಿ, ಅದರ ಕಡೆ ಬೆನ್ನು ತಿರುಗಿಸಿ ಬೀಡಿ ಸೇದುತ್ತ ನಿಲ್ಲುತ್ತಿದ್ದ. ನಾನು ನಡುಮನೆಯ ಕತ್ತಲಲ್ಲಿ ಕುಳಿತು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ಔಷಧಿಗೆಂದು ಎಲ್ಲರೂ ತಿಳಿದಿದ್ದರು.

ಅವ್ವ ಪಿಕಪ್ಪು ಹತ್ತುವುದನ್ನು ಬಿಟ್ಟಳು. ಎಲ್ಲಿಗೆ ಹೋಗಬೇಕಾದರೂ ರಾಮಗಿರಿ ಸ್ಟೇಷನ್ನಿನವರೆಗೆ ನಡೆದು ರೈಲು ಹಿಡಿಯುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ತಲೆ ಬಾಚುತ್ತ, ಹಣಿಗೆಯನ್ನು ನಡುವೆಯೇ ನಿಲ್ಲಿಸಿ ಕೇಳಿದಳು.

"ಅವತ್ತು ದುರ್ಗಕ್ಕೆ ನೀನೂ ಹೋಗಿದ್ದೆಲ್ಲ. ಎಲ್ಲಿ ತಗಂಡ ನಿಮ್ಮಪ್ಪ ಅದನ್ನ?"

"ನಾ ಆಸ್ಪತ್ರೇಲಿದ್ದೆ. ನಂಗೊತ್ತಿಲ್ಲ."

ಹಣಿಗೆ ಮತ್ತೆ ಇಳಿಯಿತು. ಅವಳು ನಂಬಿದಳೋ ಇಲ್ಲವೋ, ಕಾಣಲಿಲ್ಲ. ಅವಳು ನನ್ನ ಬೆನ್ನ ಹಿಂದಿದ್ದಳು. ಅಂದಿನಿಂದ ಆ ಸದ್ದು ನನಗೆ ಬೀರಮಾವನದೂ ಅಲ್ಲ, ಇಂಜಿನ್ನಿನದೂ ಅಲ್ಲ, ನನ್ನ ಸುಳ್ಳಿನದು ಎನಿಸತೊಡಗಿತು. ಗಾಡಿ ಸಂತೆಗೆ ಹೋಗಿದ್ದಾಗಲೂ ಕೇಳಿಸುತ್ತಿತ್ತು. ಶಾಲೆಯಲ್ಲಿ, ಬಾವಿಕಟ್ಟೆಯಲ್ಲಿ.

ಮಳೆಗಾಲ ಹಿಡಿಯುವ ಮೊದಲು ಹೊಸದುರ್ಗದಲ್ಲಿ ಕಣ್ಣಿನ ಡಾಕ್ಟರು ಬರುತ್ತಾರೆಂದು ಸುದ್ದಿ ಬಂತು. ಅಜ್ಜಿಯನ್ನು ನಡೆಸಿಕೊಂಡು ಹೋಗುವ ಹಾಗಿರಲಿಲ್ಲ, ಅಜ್ಜಿ ಬೇರೆ ಗಾಡಿ ಹತ್ತಲು ಒಪ್ಪಲೂ ಇಲ್ಲ. ಅವ್ವ ಹಲ್ಲು ಕಚ್ಚಿ ಹಿಂದಿನ ತೊಟ್ಟಿಯಲ್ಲಿ ಕುರಿಗಳ ನಡುವೆ ಕುಳಿತಳು. ಮುಂದೆ ಅಪ್ಪ, ನಾನು, ಅಜ್ಜಿ. ಬೆಳಗಿನ ಒಳ್ಳೆಯ ಬಿಸಿಲು. ಉದ್ದನೆಯ ಇಳಿಜಾರೊಂದು ಶುರುವಾದ ಕಡೆ ಇಂಜಿನ್ನು ಇದ್ದಕ್ಕಿದ್ದಂತೆ ಅರಚಿತು. ನಾನು ಅಪ್ಪನ ಕಾಲು ನೋಡಿದೆ. ಕಾಲು ವೇಗದ ಪೆಡಲಿನ ಮೇಲೆ ಇರಲೇ ಇಲ್ಲ. ಬ್ರೇಕಿನ ಮೇಲಿತ್ತು. ಆದರೂ ಗಾಡಿ ಯಾರೋ ಕತ್ತು ಹಿಡಿದು ದಬ್ಬಿದ ಹಾಗೆ ನುಗ್ಗುತ್ತಿತ್ತು. ಬಾನೆಟ್ಟಿನ ಕಿಟಕಿಯಿಂದ ಕರಿಹೊಗೆ ಬಂದು ಗಾಜು ಕಪ್ಪಾಯಿತು. ಬ್ರೇಕು ಸುಟ್ಟ ವಾಸನೆ. ಅಪ್ಪ ಇಂಜಿನ್ನು ಆರಿಸುವ ಗುಂಡಿ ಎಳೆದ, ಆರಲಿಲ್ಲ. ಮತ್ತೆ ಎಳೆದ. ಅವನ ತುಟಿ ಏನೋ ಹೇಳುತ್ತಿತ್ತು, ಆ ಅಬ್ಬರದಲ್ಲಿ ಕೇಳಲಿಲ್ಲ. ತಿರುವು ಎದುರಿಗೆ ಬಂತು. ಅಪ್ಪ ತಿರುಗಿಸಲಿಲ್ಲ. ಎಡಕ್ಕೆ, ಬೇಲಿಯ ಕಳ್ಳಿ ಮುರಿದುಕೊಂಡು, ಹೊಸದಾಗಿ ಉತ್ತ ಹೊಲಕ್ಕೆ ನುಗ್ಗಿಸಿದ. ಚಕ್ರಗಳು ಕೆಮ್ಮಣ್ಣಿನಲ್ಲಿ ಅಚ್ಚಿನವರೆಗೆ ಹೂತವು. ಇಂಜಿನ್ನು ಒಮ್ಮೆ ಎದೆ ಹೊಡೆದುಕೊಂಡಂತೆ ಬಡಿದು ನಿಂತಿತು.

ಕುರಿಗಳು ಕೂಗುತ್ತಿದ್ದವು. ಅಪ್ಪನ ಕೈ ಸ್ಟೀರಿಂಗು ಬಿಟ್ಟಿರಲಿಲ್ಲ. ಅವ್ವ ಹಲಗೆ ದಾಟಿ ಕೆಳಗೆ ಧುಮುಕಿ, ಓಡಿ ಬಂದು ಬಾಗಿಲು ತೆಗೆದಳು. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಮೊದಲು ಮಾತಾಡಿದವಳು ಅಜ್ಜಿ, ತಣ್ಣಗೆ, ಯಾರಿಗೂ ಅಲ್ಲದ ಹಾಗೆ.

"ಬೀರಂಗೂ ಹಿಂಗೇ ಆತು."

"ಏನಂದೆ ಯವ್ವಾ?"

"ಗಾಡಿ ನನ್ನ ಮಾತು ಕೇಳಲ್ಲ ಕಣವ್ವ ಅಂತಿದ್ದ. ನಗ್ತಿದ್ದ. ನಾನೂ ನಗ್ತಿದ್ದೆ."

ಅವ್ವ ಅಪ್ಪನ ಕಡೆ ತಿರುಗಿದಳು. "ಯಾರ ಇಂಜಿನ್ನು ಇದು?"

"ದಾವಣಗೆರೆ..."

"ಸುಳ್ಳು" ಅಂದೆ ನಾನು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮಾವಂದು ಕಣವ್ವ. ಗುಜರಿಯಾಗೆ ನೀಲಿ ಬಾಗ್ಲು ಇತ್ತು. ನನ್ನ ಹೆಸರಿತ್ತು ಅದ್ರ ಮ್ಯಾಲೆ. ನಾನು ನೋಡಿದ್ದೆ."

ಹೊಡೆಯುತ್ತಾಳೆ ಎಂದುಕೊಂಡೆ, ನನಗೋ ಅಪ್ಪನಿಗೋ. ಅವ್ವ ನಮ್ಮಿಬ್ಬರನ್ನೂ ಮುಟ್ಟಲಿಲ್ಲ. ಉತ್ತ ಸಾಲಿನಲ್ಲಿ ಕುಸಿದು ಕುಳಿತು, ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಒಂದು, ಎರಡು, ನಿಲ್ಲಿಸದೆ.

"ಈ ಬಾಯಾಗೆ ಅಂದೆನಲ್ಲೋ ಬೀರಾ. ಹೆಣದ ಮುಂದೆ ಅಂದೆನಲ್ಲೋ."

ಅಪ್ಪ ಇಳಿದು ಅವಳ ಕೈ ಹಿಡಿಯಲು ಹೋದ. ಅವಳು ಕೊಡಲಿಲ್ಲ. ಸ್ವಲ್ಪ ದೂರದಲ್ಲಿ, ನೆಲ ನೋಡುತ್ತ ಅವನೂ ಕುಳಿತ. "ಒಡ್ದು ತೂಕಕ್ಕೆ ಹಾಕ್ತಿದ್ರು ಕಣೇ. ಬಿಟ್ಟು ಬರಾಕೆ ಆಗ್ಲಿಲ್ಲ" ಅಂದ. ಅದು ನಿಜವೋ, ಬೇರೆ ಇಂಜಿನ್ನು ಸಿಗಲಿಲ್ಲವೆಂಬುದು ನಿಜವೋ, ನಾನು ಇವತ್ತಿಗೂ ಹೇಳಲಾರೆ. ಎರಡೂ ಇದ್ದಿರಬಹುದು.

ಮರುದಿನ ಎತ್ತು ಕಟ್ಟಿ ಪಿಕಪ್ಪನ್ನು ಮನೆಗೆ ಎಳೆದುಕೊಂಡು ಬಂದ ಮೇಲೆ ಇಮಾಮ್ ಸಾಬರು ಬಂದು, ಎಂದೂ ಬಿಚ್ಚಬಾರದು ಎಂದಿದ್ದ ಪಂಪಿನ ಮುಚ್ಚಳ ಬಿಚ್ಚಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಅವ್ವನನ್ನು ಕರೆದು ತೋರಿಸಿದರು. ವೇಗವನ್ನು ಹಿಡಿತದಲ್ಲಿಡುವ ಸಣ್ಣ ಸ್ಪ್ರಿಂಗು ಮುರಿದಿತ್ತು. ಮುರಿದ ತುದಿಗಳನ್ನು ಯಾರೋ ತಂತಿಯಿಂದ ಬಿಗಿದಿದ್ದರು.

"ನನ್ನ ಕೆಲಸ ಅಲ್ಲ ತಾಯಿ. ಹಳೇ ತಂತಿ, ಎಣ್ಣೆ ಕುಡ್ದು ಕರ್ರಗಾಗೈತೆ ನೋಡ್ರಿ. ಇದು ಸಿಕ್ಕಾಕ್ಕಂಡ್ರೆ ಇಂಜಿನ್ನು ಯಾರ ಮಾತೂ ಕೇಳಲ್ಲ. ಅದು ಹಂಗೆ ಏರಿ ಇಳಿದು ಸದ್ದು ಮಾಡ್ತಿದ್ದೂ ಇದ್ರಿಂದ್ಲೇ. ಕುಡ್ದೋನಾದ್ರೂ ಅಷ್ಟೇ, ಕುಡೀದೋನಾದ್ರೂ ಅಷ್ಟೇ. ನಾನು ಅವತ್ತೇ ಬಿಚ್ಚಬೇಕಿತ್ತು."

"ಯಾರು ಕಟ್ಟಿದ್ದು?" ಅವ್ವ ಕೇಳಿದಳು.

ಅದು ಅವರಿಗೆ ತಿಳಿಯದು. ಸಾಹುಕಾರರ ಮೇಸ್ತ್ರಿ ಇರಬಹುದು. ಬಾಡಿಗೆ ತಪ್ಪಬಾರದೆಂದು ಬೀರಮಾವನೇ ಇರಬಹುದು. ಅಜ್ಜಿಗೆ ಅದು ಬೇಕಿರಲಿಲ್ಲ. ಅವಳು ಅವ್ವನನ್ನೂ ನನ್ನನ್ನೂ ಹೊರಡಿಸಿಕೊಂಡು ಬಸ್ಸಿನಲ್ಲಿ ಹಿರಿಯೂರಿಗೆ ಹೋದಳು. ಸಾಹುಕಾರರು ಅಂಗಡಿಯ ಮೆತ್ತೆಯ ಮೇಲಿದ್ದರು. "ಬರ್ರಿ ಅಜ್ಜಮ್ಮ, ಕುಂತ್ಕಳ್ರಿ" ಅಂದರು. ಅಜ್ಜಿ ಕೂರಲಿಲ್ಲ.

"ನನ್ನ ಮಗ ಕುಡ್ದಿದ್ದ ಅಂದ್ರಲ್ಲ, ನೋಡಿದ್ರೇನು ನೀವು?"

ಅವರು ಸ್ವಲ್ಪ ಹೊತ್ತು ತಕ್ಕಡಿಯನ್ನು ಸರಿಮಾಡಿದರು. "ಜನ ಅಂದ್ರು. ನಾನೂ ಅಂದೆ."

"ಹಂಗಾರೆ ಈಗ ಇಲ್ಲ ಅನ್ರಿ. ಈ ಜನದ ಮುಂದೆ ಅನ್ರಿ."

ಅಂಗಡಿಯಲ್ಲಿ ನಾಲ್ಕೈದು ಮಂದಿ ಇದ್ದರು. ಸಾಹುಕಾರರು ತಲೆ ಎತ್ತದೆ, "ಇಲ್ಲ, ಕುಡ್ದಿರ್ಲಿಲ್ಲ" ಅಂದರು. ಅಷ್ಟೇ. ಅಷ್ಟು ಸಣ್ಣ ಮಾತು. ಅಜ್ಜಿ ನನ್ನ ಹೆಗಲ ಮೇಲೆ ಕೈ ಇಟ್ಟು, "ನಡಿ ಮಗಾ, ಹೋಗಾಣ" ಅಂದಳು. ಆ ವರ್ಷದ ಹಿರಿಯರ ಹಬ್ಬಕ್ಕೆ ಅವ್ವ ಎಲ್ಲರಿಗಿಂತ ಮೊದಲು ತಮ್ಮನಿಗೆ ಎಡೆ ಇಟ್ಟಳು. ಅಪ್ಪನ ಜೊತೆ ಮಾತಾಡಲು ಮಾತ್ರ ಇನ್ನೂ ಬಹಳ ದಿನ ಹಿಡಿಯಿತು. ನನ್ನ ಮೂಲಕವೇ ಅವನನ್ನು ಊಟಕ್ಕೆ ಕರೆಯುತ್ತಿದ್ದಳು. ಇಂಜಿನ್ನನ್ನು ಕಿತ್ತು ಮಾರಿಬಿಡುತ್ತೇನೆ ಎಂದು ಅವನು ಹೇಳಿದಾಗಲೂ ನನ್ನ ಕಡೆ ನೋಡಿಯೇ ಉತ್ತರ ಕೊಟ್ಟಳು.

"ಇನ್ನೊಬ್ರ ಮನೆ ಮಗನ್ನ ತಿನ್ಲಿ ಅಂತಾನಾ? ರಿಪೇರಿ ಮಾಡ್ಸು ಅನ್ನು ನಿಮ್ಮಪ್ಪಂಗೆ."

ಪಂಪನ್ನು ದಾವಣಗೆರೆಗೆ ಕಳಿಸಿ, ಹೊಸ ಸ್ಪ್ರಿಂಗು ಹಾಕಿಸಿ, ಎಣ್ಣೆಯ ಅಳತೆ ಸರಿಮಾಡಿಸಿ ತಂದರು. ಇಮಾಮ್ ಸಾಬರು ಕೂರಿಸಿದರು. ಅಪ್ಪ ಅದನ್ನು ಕೆರೆ ಏರಿಯವರೆಗೆ ಓಡಿಸಿ, ತಿರುಗಿಸಿಕೊಂಡು ಬಂದು, ಮರದ ಕೆಳಗೆ ನಿಲ್ಲಿಸಿದ. ಅಜ್ಜಿಗೆಂದು ಆರಿಸದೆ ಬಿಟ್ಟ. ಇಂಜಿನ್ನು ಒಂದೇ ಸಮನೆ, ಏರದೆ ಇಳಿಯದೆ, ಗುಡುಗುಡು ಎನ್ನುತ್ತಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಇಮಾಮ್ ಸಾಬರು ಕೈ ಒರೆಸಿಕೊಳ್ಳುತ್ತ ನಕ್ಕರು. ಜಗಲಿಯ ಮೇಲೆ ಅಜ್ಜಿ ಕತ್ತು ಓರೆ ಮಾಡಿ ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು.

"ಯಾರ ಗಾಡಿ ಬಂತೇ ರಂಗೀ?"

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ನಮ್ದೇ ಕಣಜ್ಜಿ" ಅಂದೆ ನಾನು.

"ಹೌದಾ" ಅಂದಳು. ಕದಿರಿಗಾಗಿ ಪಕ್ಕದಲ್ಲಿ ಕೈಯಾಡಿಸಿದಳು. "ಆರ್ಸು ಅನ್ನು ನಿಮ್ಮಪ್ಪಂಗೆ. ಸುಮ್ನೆ ಎಣ್ಣೆ ದಂಡ."